ಹಾಲಮ್ಮನಿಗೆ ಕೊಟ್ಟ ತುತ್ತು

ಹೋದ ವಾರ ಮೊಮ್ಮಗಳು ತನ್ನ ಕೂಸಿಗೆ ಹೊಟ್ಟೆ ಬಿಗಿದಿದೆ ಎಂದು ಕಪ್ಪು ಒಣದ್ರಾಕ್ಷಿ ಕುದಿಯಲು ಇಟ್ಟಳು. ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ವಾಸನೆ ಹೊರಗೆ ಬಂತು. ಎದ್ದು ಒಳಗೆ ಹೋಗಿ ಗ್ಯಾಸ್ ಆರಿಸಿಬಿಟ್ಟೆ.

"ಯಾಕಜ್ಜಿ, ಇನ್ನೂ ಕುದ್ದಿಲ್ಲ."

"ನೆನೆಸಿ ಕಿವುಚಿ ಕುಡಿಸು, ಸಾಕು. ಕುದಿಸಬ್ಯಾಡ."

"ಕುದಿಸಿದ್ರೆ ಏನಾಗ್ತೈತೆ?"

"ನನಗೆ ಸಿಟ್ಟು ಬರ್ತೈತೆ."

ಅವಳು ನಕ್ಕಳು. ನಗಲಿ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ, ಯಾರಿಗೆ ಇಳಿದಿದೆಯೋ ನನಗೆ ಗೊತ್ತಿಲ್ಲ. ನನಗೆ ಎಪ್ಪತ್ತು ದಾಟಿದೆ. ನಾಲ್ಕು ವರ್ಷದ ಹಿಂದೆ, ನಾಟಿಯ ಕಾಲದಿಂದ ಸುಗ್ಗಿಯ ತನಕ ನನ್ನೊಳಗೆ ಏರಿದ ಸಿಟ್ಟು ಗುಲಗಂಜಿಯಷ್ಟೂ ಇಳಿದಿಲ್ಲ.

ತ್ಯಾವಣಿಗೆಯಿಂದ ಒಳಗೆ ಕಾಲುವೆ ದಾಟಿದರೆ ನಮ್ಮೂರು. ಕ್ರೈಸ್ತರ ಮನೆ ಇಪ್ಪತ್ತೂ ಇಲ್ಲ. ಹೆಂಚಿನ ಒಂದು ಚರ್ಚು, ಹಿಂದೆ ಬೇಲಿ ಹಾಕಿದ ಸಮಾಧಿ ಜಾಗ. ಪಾಸ್ಟರು ಇರುವುದು ಚನ್ನಗಿರಿಯಲ್ಲಿ. ನಾಲ್ಕು ಊರಿನ ಸಭೆ ಅವರೊಬ್ಬರದೇ. ತಿಂಗಳ ಮೊದಲ ಭಾನುವಾರ ಬೈಕಿನಲ್ಲಿ ನಮ್ಮೂರಿಗೆ ಬಂದು ಪ್ರಭುಭೋಜನ ಕೊಡುತ್ತಾರೆ, ಯೇಸುವಿನ ಶರೀರ, ರಕ್ತ ಎಂದು ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಉಳಿದ ಭಾನುವಾರ ಸಭೆಯ ಹಿರಿಯ ಸಮುವೇಲಪ್ಪ ಆರಾಧನೆ ನಡೆಸುತ್ತಾನೆ. ರಿಟೈರಾದ ಮೇಷ್ಟ್ರು, ದೇವರ ವಾಕ್ಯವನ್ನೂ ಹಾಜರಿ ಕೂಗಿದ ಹಾಗೇ ಓದುತ್ತಾನೆ.

ಆ ಪ್ರಭುಭೋಜನಕ್ಕೆ ಬೇಕಾದ ದ್ರಾಕ್ಷಾರಸ ಮಾಡುವವಳು ನಾನು. ಮೊದಲು ನಮ್ಮತ್ತೆ ಮಾಡುತ್ತಿದ್ದಳು, ಅವಳ ಕೈ ನಡುಗಲು ಶುರುವಾದ ಮೇಲೆ ನನಗೆ ಬಂತು. ಶುಕ್ರವಾರ ಒಣದ್ರಾಕ್ಷಿ ನೆನೆಹಾಕುವುದು, ಶನಿವಾರ ಕುದಿಸಿ, ಕಿವುಚಿ, ಬಿಳಿ ಬಟ್ಟೆಯಲ್ಲಿ ಸೋಸುವುದು. ಭಾನುವಾರ ಎಲ್ಲ ಮುಗಿದ ಮೇಲೆ ಆ ಸಣ್ಣ ಲೋಟಗಳನ್ನು ಬೂದಿ ಹಾಕಿ ತೊಳೆಯುವುದೂ ನಾನೇ. ನಲವತ್ತು ವರ್ಷ ಮಾಡಿದ್ದೇನೆ. ಬಾಣಂತನದಲ್ಲಿ ಮಲಗಿದಾಗ ಬಿಟ್ಟಿಲ್ಲ, ಗಂಡ ಸತ್ತ ತಿಂಗಳೂ ಬಿಟ್ಟಿಲ್ಲ. ಎಷ್ಟು ಪಾಸ್ಟರು ಬಂದು ಹೋದರೋ ಲೆಕ್ಕವಿಲ್ಲ, ಕುದಿಸುವ ಕೈ ಬದಲಾಗಲಿಲ್ಲ.

ಇನ್ನು ಹಾಲಮ್ಮನ ಮಾತು. ಅವಳು ನಮ್ಮ ಜಾತಿಯವಳಲ್ಲ, ನಮ್ಮ ಸಭೆಯವಳೂ ಅಲ್ಲ. ನಾಟಿಯ ಗುಂಪಿನಲ್ಲಿ ನನ್ನ ಜೋಡಿ. ಕಾಲುವೆಗೆ ನೀರು ಬಿಟ್ಟ ವಾರದಿಂದ ತಿಂಗಳೊಪ್ಪತ್ತು ನಮ್ಮ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಕೆಸರಲ್ಲಿ ನಿಂತು ನಾನು ಕೀರ್ತನೆ ಹಾಡುತ್ತಿದ್ದೆ, ಬೇಸರ ಕಳೆಯಲಿಕ್ಕೆ. ಅವಳು ಅರ್ಥ ಕೇಳುತ್ತಿದ್ದಳು. ಚರ್ಚಿಗೆ ಬಾ ಎಂದು ನಾನು ಕರೆದವಳಲ್ಲ. ನನಗೆ ಬೇರೆಯವರನ್ನು ಕರೆಯುವಷ್ಟು ಪುರುಸೊತ್ತೂ ಇಲ್ಲ, ಮೂರನೇ ಕ್ಲಾಸಿನ ಓದಿನಲ್ಲಿ ಹೇಳಿಕೊಡುವಷ್ಟು ಗೊತ್ತೂ ಇಲ್ಲ. ಒಂದು ಸಲ, ಸ್ನೇಹಿತ ಸತ್ತಾಗ ಯೇಸು ಅತ್ತ ಕಥೆ ಹೇಳಿದೆ. ಹಾಲಮ್ಮ ಸಸಿಯ ಕಟ್ಟು ಕೈಯಲ್ಲಿ ಹಿಡಿದು ಹಾಗೇ ನಿಂತಳು.

"ಅತ್ನಾ? ಎಲ್ರ ಮುಂದೆ?"

"ಹ್ಞೂ, ಎಲ್ರ ಮುಂದೆ."

"ಹಂಗಾರೆ ಅವನು ಬೇಕು ನನಗೆ," ಅಂದಳು. ತರಕಾರಿ ಆರಿಸಿದ ಹಾಗೆ.

ಆಮೇಲೆ ಭಾನುವಾರ ಚರ್ಚಿಗೆ ಬರಲು ಶುರು ಮಾಡಿದಳು. ಹೆಂಗಸರ ಜಮಖಾನೆಯ ತುದಿಯಲ್ಲಿ, ಬಾಗಿಲ ಹತ್ತಿರ ಕೂರುವಳು. ಅವಳ ಗಂಡ ಹನುಮಂತಪ್ಪ ಮುಂಗೋಪಿ, ಆದರೆ ಕೆಟ್ಟವನಲ್ಲ. "ಮನೆ ದೇವ್ರಿಗೆ ದೀಪ ಹಚ್ಚೋದು ಬಿಡಬ್ಯಾಡ. ಮಿಕ್ಕಿದ್ದು ನಿನ್ನ ಪಾಡು," ಎಂದಿದ್ದ. ಅವಳು ದೀಪವನ್ನೂ ಹಚ್ಚಿದಳು, ಚರ್ಚಿಗೂ ಬಂದಳು.

ಎಂಟು ವರ್ಷದಲ್ಲಿ ಮೂರು ಸಲ, ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಕೇಳಿದಳು. ಒಂದು ಸಲ ದೀಪ ಬಿಡಬೇಕು ಎಂದರು. ಇನ್ನೊಂದು ಸಲ ಗಂಡನ ಒಪ್ಪಿಗೆ ಬರೆಸಿಕೊಂಡು ಬಾ ಎಂದರು. ಮೂರನೇ ಸಲ ವಿಶ್ವಾಸ ಪ್ರಮಾಣ ಬಾಯಿಪಾಠ ಮಾಡು ಎಂದರು. ಗದ್ದೆಯಲ್ಲಿ ನಾನೇ ಹೇಳಿಕೊಟ್ಟೆ. ಎಲ್ಲ ಬರುತ್ತಿತ್ತು, ಪಿಲಾತನ ಹೆಸರು ಬಂದ ಕೂಡಲೇ ನಿಲ್ಲಿಸಿಬಿಡುತ್ತಿದ್ದಳು.

"ಯಾರೇ ಇವನು?"

"ಯೇಸುವನ್ನ ಶಿಲುಬೆಗೆ ಹಾಕ್ಸಿದೋನು."

"ಕೊಲ್ಲಿಸಿದೋನ ಹೆಸರು ನಾನ್ಯಾಕೆ ಬಾಯಿಪಾಠ ಮಾಡ್ಲಿ? ಅವನಮ್ಮ ಮಾಡ್ಕೊಳ್ಲಿ!"

ಗುಂಪಿನವರೆಲ್ಲ ಬಿದ್ದು ಬಿದ್ದು ನಕ್ಕರು. ಸಮುವೇಲಪ್ಪನ ಮುಂದೆಯೂ ಹೀಗೇ ಅಂದಳು. ಅವನು ನಗಲಿಲ್ಲ, ಫೇಲು ಮಾಡಿದ.

ಆ ವರ್ಷ ಮಳೆ ಬೇಗ ಹಿಡಿಯಿತು. ಸೂಳೆಕೆರೆಯೂ ತುಂಬಿತು, ಅದರ ಕಾಲುವೆಯೂ ತುಂಬಿತು, ಎಲ್ಲರಿಗೂ ಒಂದೇ ಸಲ ನಾಟಿಯ ಆಳು ಬೇಕಾಯಿತು. ಹಾಲಮ್ಮ ಎರಡು ದಿನ ಬಂದಳು, ಮೂರನೇ ದಿನ ಬದುವಿನ ಮೇಲೆ ಹೊಟ್ಟೆ ಹಿಡಿದು ಕೂತಳು. ದಾವಣಗೆರೆಗೆ ಕರೆದುಕೊಂಡು ಹೋದರು. ಹೊಟ್ಟೆಯಲ್ಲಿ ಗಡ್ಡೆ, ಕೈಗೆ ಮೀರಿದೆ, ಮನೆಯಲ್ಲೇ ಇಟ್ಟು ನೋಡಿಕೊಳ್ಳಿ ಎಂದು ಕಳಿಸಿದರು. ಹೊಲ ಹಸಿರಾಗುವಷ್ಟರಲ್ಲಿ ಅವಳು ಹಾಸಿಗೆಯ ಮೇಲೆ ಒಂದು ಹಿಡಿಯಾಗಿದ್ದಳು.

ನಾನು ದಿನಾ ಸಂಜೆ ಹೋಗುತ್ತಿದ್ದೆ. ಒಂದು ಬುಧವಾರ ನನ್ನ ಸೆರಗು ಹಿಡಿದುಕೊಂಡಳು.

"ಸಾರವ್ವ, ನೀವೆಲ್ಲ ಮುಂದೆ ಹೋಗಿ ಮಂಡಿಯೂರಿ ತಿಂತೀರಲ್ಲ, ಅದು ನನಗೂ ಬೇಕು ಕಣೇ. ಎಂಟು ವರ್ಷ ಬಾಗ್ಲಾಗೆ ಕೂತು ನೋಡೀನಿ."

ಮಾರನೇ ದಿನ ಮಗ ಯೋಹಾನನ ಫೋನಿನಿಂದ ಪಾಸ್ಟರಿಗೆ ಮಾತಾಡಿದೆ. "ಅಯ್ನೋರೆ, ಹಾಲಮ್ಮ ಉಳಿಯಲ್ಲ. ಬಂದು ಪ್ರಭುಭೋಜನ ಕೊಟ್ಟು ಹೋಗ್ರಿ."

"ಸಾರಮ್ಮ, ದೀಕ್ಷಾಸ್ನಾನ ಆಗದವರಿಗೆ ಕೊಡೋಕೆ ಬರಲ್ಲ, ನಿಮಗೆ ಗೊತ್ತಲ್ಲ."

"ಹಂಗಾರೆ ಅದನ್ನೂ ಕೊಡ್ರಿ. ನೀರು ನಾನು ಕಾಸಿ ಇಡ್ತೀನಿ."

"ಗಂಡ ಬರೆದು ಕೊಟ್ಟಿದ್ದಾರಾ? ಈಗಿನ ಕಾಲ ಬೇರೆ. ಮತಾಂತರದ ಕಾನೂನು ಇದೆ. ಯಾರೋ ಒಬ್ಬರು ಕಂಪ್ಲೇಂಟ್ ಕೊಟ್ಟರೆ ಸ್ಟೇಷನ್ನಿಗೆ ಅಲೆಯೋದು ನಾನು. ಭಾನುವಾರ ಹೇಗೂ ಬರ್ತೀನಿ, ಬಂದು ಪ್ರಾರ್ಥನೆ ಮಾಡ್ತೀನಿ."

"ಭಾನುವಾರದ ತನಕ ಇರು ಅಂತ ಅವಳಿಗೆ ಹೇಳ್ಲಾ?"

ಅವರು ಫೋನ್ ಇಟ್ಟರು. ಅವರ ಹೆದರಿಕೆ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಹೆದರಿಕೆ ಇದ್ದರೆ ಹೆದರಿಕೆ ಎನ್ನಬೇಕು. ಅದಕ್ಕೆ ದೇವರ ನಿಯಮ ಎಂದು ಹೆಸರಿಡಬಾರದು.

ಶನಿವಾರ ಮಧ್ಯಾಹ್ನ ಮಳೆ ಜಿಟಿಜಿಟಿ ಹಿಡಿದಿತ್ತು. ದ್ರಾಕ್ಷಿ ಕುದ್ದಿತ್ತು, ಸೋಸುತ್ತಿದ್ದೆ. ಹಾಲಮ್ಮನ ಸೊಸೆ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ಓಡಿ ಬಂದಳು. "ದೊಡ್ಡವ್ವ, ಅತ್ತೆ ನಿನ್ನ ಕೇಳ್ತೈತೆ. ಉಸಿರು ಒಂಥರಾ ಆಗೈತೆ."

ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಬಹುಶಃ ಕೊಡುತ್ತಿರಲಿಲ್ಲವೋ ಏನೋ. ಸೋಸಿದ ರಸವನ್ನೇ ಒಂದು ಲೋಟಕ್ಕೆ ಬಗ್ಗಿಸಿದೆ. ಚರ್ಚಿಗೆ ತರುವ ಬೇಕರಿಯ ಬ್ರೆಡ್ಡು ಸಮುವೇಲಪ್ಪನ ಮನೆಯಲ್ಲಿತ್ತು, ಬುಟ್ಟಿಯಲ್ಲಿ ಬೆಳಿಗ್ಗೆಯ ಜೋಳದ ರೊಟ್ಟಿ ಇತ್ತು. ಅದನ್ನೇ ಮುರಿದು ಸೆರಗಿನಲ್ಲಿ ಕಟ್ಟಿಕೊಂಡೆ.

ಹನುಮಂತಪ್ಪ ಬಾಗಿಲಲ್ಲೇ ಕೂತಿದ್ದ. "ಹನುಮಂತಪ್ಪ, ನಿನ್ನ ಹೆಂಡ್ತಿಗೆ ನಮ್ಮ ಪ್ರಭುಭೋಜನ ಕೊಡಾಕೆ ಬಂದೀನಿ. ಬ್ಯಾಡ ಅಂದ್ರೆ ಈಗಲೇ ಹೇಳು, ಹೊಳ್ಳಿ ಹೋಗ್ತೀನಿ," ಅಂದೆ.

ಅವನು ಲೋಟ ನೋಡಿದ, ನನ್ನನ್ನು ನೋಡಿದ. "ಅವಳು ಕೇಳಿದ್ದಕ್ಕೆಲ್ಲ ನಾನು ಬ್ಯಾಡ ಬ್ಯಾಡ ಅಂದೋನೇ. ಇದೊಂದು ಕೊಡಕ್ಕ," ಅಂದ. ಒಳಗೆ ಬಂದು ತಾನೇ ಅವಳ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿದ.

ಪಾಸ್ಟರು ಹೇಳುವ ಮಾತನ್ನೆಲ್ಲ ಅಷ್ಟು ವರ್ಷ ಕೇಳಿದ್ದೇನೆ, ಆ ಹೊತ್ತಿಗೆ ಒಂದೂ ಸರಿಯಾಗಿ ನೆನಪಾಗಲಿಲ್ಲ. "ಹಾಲಿ, ಇದು ಆತನ ಶರೀರ. ನಿನಗೋಸ್ಕರ ಮುರಿದಿದ್ದು. ತಿನ್ನು," ಅಂದೆ.

ಬಾಯಲ್ಲಿಟ್ಟುಕೊಂಡು ಅಗಿಯಲಾಗಲಿಲ್ಲ ಅವಳಿಗೆ. "ಸಾಯೋಳಿಗೂ ಇಂಥಾ ಗಟ್ಟಿ ರೊಟ್ಟಿನೇನೇ?" ಎಂದಳು. ದನಿ ಇರಲಿಲ್ಲ, ತುಟಿ ನೋಡಿ ತಿಳಿದುಕೊಂಡೆ. ರೊಟ್ಟಿಯನ್ನು ರಸದಲ್ಲಿ ಅದ್ದಿ ಮೆತ್ತಗೆ ಮಾಡಿ ಇಟ್ಟೆ. ನುಂಗಿದಳು. ಉಳಿದ ರಸವನ್ನು ಹನಿಹನಿಯಾಗಿ ಕುಡಿಸಿದೆ. ಆಮೇಲೆ ಎಷ್ಟೋ ದಿನಕ್ಕೆ ಮೊದಲ ಸಲ ನೋವಿಗೆ ಮುಖ ಕಿವುಚದೆ ನಿದ್ದೆ ಹೋದಳು. ಭಾನುವಾರ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ನಾನು ಅವಳ ಮನೆಯಲ್ಲಿದ್ದೆ. ಪಾಸ್ಟರು ಚರ್ಚಿನ ಮುಂದೆ ಬೈಕು ನಿಲ್ಲಿಸಿ, ಸಾವಿನ ಸುದ್ದಿ ಹೇಳಲು ಓಡಿ ಬಂದ ಯೋಹಾನನನ್ನು ಕೇಳಿದ ಮೊದಲ ಮಾತು ಏನು ಗೊತ್ತಾ? "ರಸ ರೆಡಿ ಇದೆಯಾ?"

ಅವರ ಕಡೆಯ ಪದ್ಧತಿಯಂತೆ ಹಾಲಮ್ಮನನ್ನು ಅವರ ಹೊಲದಲ್ಲೇ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಹಾಕಿದೆ. ಅಲ್ಲಿಗೆ ನನ್ನ ಮನಸ್ಸು ತಣ್ಣಗಿತ್ತು. ಮೂರು ದಿನದ ಮೇಲೆ ಹೆಂಗಸರ ಪ್ರಾರ್ಥನೆ ಕೂಟ. ಅಲ್ಲಿ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವುದು ನಮ್ಮ ವಾಡಿಕೆ. ಆ ವಾರ ದೇವರು ಏನು ಮಾಡಿದ ಎಂದು ಹೇಳಬೇಕು. ಒಬ್ಬಳು ಎಮ್ಮೆ ಕರು ಹಾಕಿದ್ದು ಹೇಳುತ್ತಾಳೆ, ಒಬ್ಬಳು ಜ್ವರ ಬಿಟ್ಟಿದ್ದು. ನಾನು ಹಾಲಮ್ಮನ ತುತ್ತಿನ ವಿಷಯ ಹೇಳಿದೆ. ಮುಚ್ಚಿಡುವಂಥದ್ದು ಎಂದು ನನ್ನ ತಲೆಗೇ ಹೊಳೆದಿರಲಿಲ್ಲ. ಕೇಳಿದವರು ಅತ್ತರು, "ಸ್ತೋತ್ರ, ಸ್ತೋತ್ರ" ಎಂದು ಕೈ ಎತ್ತಿದರು. ಅದರಲ್ಲಿ ಸಮುವೇಲಪ್ಪನ ಹೆಂಡತಿಯೂ ಇದ್ದಳು. ಕೂಟದಲ್ಲಿ ಸಾಕ್ಷಿಯಾಗಿದ್ದದ್ದು ಅವಳ ಮನೆ ಮುಟ್ಟುವಷ್ಟರಲ್ಲಿ ದೂರಾಯಿತು.

ಮುಂದಿನ ತಿಂಗಳು ಆರಾಧನೆ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಪಾಸ್ಟರು, ಸಮುವೇಲಪ್ಪ, ಕಮಿಟಿಯ ಇನ್ನಿಬ್ಬರು ಕುರ್ಚಿಯಲ್ಲಿ. ನನಗೆ ಜಮಖಾನೆ.

"ಪ್ರಭುಭೋಜನ ಕೊಡೋ ಅಧಿಕಾರ ನಿಮಗೆ ಯಾರು ಕೊಟ್ಟರು?" ಪಾಸ್ಟರು ಕೇಳಿದರು.

"ಹಸಿದೋರಿಗೆ ಕೊಡಾಕೆ ಯಾರ ಅಧಿಕಾರ ಬೇಕು ಅಯ್ನೋರೆ?"

"ಅದು ಊಟ ಅಲ್ಲಮ್ಮ."

"ಊಟ ಅಲ್ಲ ಅಂತ ನನಗೂ ಗೊತ್ತೈತೆ. ಅದಕ್ಕೇ ಕೊಟ್ಟೆ."

ಸಮುವೇಲಪ್ಪ ಬಾಯಿ ಹಾಕಿದ. "ಕ್ರಮ ಅಂತ ಒಂದೈತೆ ಸಾರಮ್ಮ. ನಾಳೆ ಎಲ್ರೂ ಅವರವರ ಅಡುಗೆಮನೇಲಿ ಕೊಟ್ಕೊಂಡ್ರೆ ಸಭೆ ಯಾಕೆ ಬೇಕು?"

"ನಲವತ್ತು ವರ್ಷ ನನ್ನ ಅಡುಗೆಮನೇಲಿ ಕುದ್ದಿದ್ದನ್ನೇ ಕುಡಿದೀಯ ಸಮುವೇಲಪ್ಪ. ಕುದಿಸಾಕೆ ಈ ಕೈ ಆಗ್ತೈತೆ, ಲೋಟ ತಿಕ್ಕಾಕೆ ಆಗ್ತೈತೆ, ಸಾಯೋಳ ಬಾಯಿಗೆ ಇಡಾಕೆ ಆಗಲ್ವಾ?"

ಸಭೆ ಯಾಕೆ ಬೇಕು ಎಂದ ಅವನ ಮಾತು ಮಾತ್ರ ನನ್ನನ್ನು ಕೊರೆಯಿತು. ಸಭೆ ಬೇಡ ಎನ್ನುವವಳಲ್ಲ ನಾನು. ನನಗೆ ಅಕ್ಷರ ಕೊಟ್ಟದ್ದು ಸಭೆ, ಯೇಸುವಿನ ಹೆಸರು ಕೊಟ್ಟದ್ದೂ ಸಭೆ. ಒಬ್ಬಳೇ ಮನೆಯಲ್ಲಿ ಕೂತು ಸತ್ಯವೇದ ಬಿಡಿಸಿದರೆ ಅರ್ಧ ಪುಟಕ್ಕೆ ಕಣ್ಣು ಸೋಲುತ್ತದೆ. ನನ್ನ ಗಂಡ ಕಾಲುವೆಯ ನೀರುಗಂಟಿಯಾಗಿದ್ದ, ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವ ಕೆಲಸ. ತೂಬಿಲ್ಲದಿದ್ದರೆ ನೀರು ಊರನ್ನೇ ಕೊಚ್ಚಿಕೊಂಡು ಹೋಗುತ್ತದೆ ಎಂದು ಅವನೇ ಹೇಳುತ್ತಿದ್ದ. ಆದರೆ ಕೊನೆಯ ಗದ್ದೆ ಒಣಗಿ ಬಿರುಕು ಬಿಟ್ಟ ವರ್ಷ, ಸಾಹೇಬರ ಅಪ್ಪಣೆಗೆ ಕಾಯದೆ ಹೋಗಿ ತೂಬು ಎತ್ತಿದ. ಬೈಸಿಕೊಂಡ. "ಕೀಲಿ ನನ್ನ ಹತ್ರ ಐತೆ ಅಂದ್ರೆ ಸೂಳೆಕೆರೆ ನಮ್ಮಪ್ಪಂದಾ?" ಅಂದಿದ್ದ. ಇದನ್ನೇ ಪಾಸ್ಟರ ಮುಂದೆ ಹೇಳಿದೆ. ಅವರ ಮುಖ ಕೆಂಪಾಯಿತು.

ತೀರ್ಮಾನ ಹೀಗೆ ಬಂತು. ಕ್ರಿಸ್ಮಸ್ಸಿನೊಳಗೆ ನಾನು ಸಭೆಯ ಮುಂದೆ ನಿಂತು "ತಪ್ಪಾಯಿತು" ಎನ್ನಬೇಕು. ಅಲ್ಲಿಯ ತನಕ ಪ್ರಭುಭೋಜನವಿಲ್ಲ, ರಸವನ್ನೂ ಮುಟ್ಟಬಾರದು. ಎನ್ನದಿದ್ದರೆ ಸಭೆಯ ಶಿಕ್ಷೆಯಲ್ಲೇ ಇರುತ್ತೇನೆ, ಶಿಕ್ಷೆಯಲ್ಲಿ ಸತ್ತವರಿಗೆ ಸಮಾಧಿ ಜಾಗದಲ್ಲಿ ಮಣ್ಣಿಲ್ಲ.

ನನ್ನ ಎದೆಗೆ ಒದ್ದ ಹಾಗಾದದ್ದು ಈ ಕೊನೆಯ ಮಾತಿಗೆ. ಆ ಬೇಲಿಯೊಳಗೆ ನನ್ನ ಗಂಡ ಮಲಗಿದ್ದಾನೆ. ಅವನ ಎಡಕ್ಕೆ ಒಂದು ಆಳುದ್ದ ಜಾಗ ಬಿಡಿಸಿ ನಾಲ್ಕು ಮೂಲೆಗೆ ನಾನೇ ಕಲ್ಲು ಹುಗಿದಿದ್ದೆ. ಬೇಸಿಗೆಯಲ್ಲಿ ಅಲ್ಲಿ ಮುಳ್ಳು ಕಿತ್ತು ಬರುತ್ತಿದ್ದೆ. ಬದುಕಿದ್ದಾಗ ಒಂದು ಕೋಣೆಯ ಮನೆಯಲ್ಲಿ ಅತ್ತೆ, ಮಕ್ಕಳು, ಕುರಿಮರಿ ನಡುವೆ ನಮಗಿಬ್ಬರಿಗೇ ಎಂದು ಜಾಗ ಇರಲಿಲ್ಲ. ಸತ್ತ ಮೇಲಾದರೂ ಇರಲಿ ಎಂಬ ಆಸೆ ನನ್ನದು. ಇದು ಊರಿಗೆಲ್ಲ ಗೊತ್ತು. ಅದಕ್ಕೇ ಅಲ್ಲಿಗೇ ಕೈ ಹಾಕಿದರು.

ಭತ್ತ ಹಣ್ಣಾಗುವ ತನಕ ಮನೆಯಲ್ಲಿ ಇದೇ ಮಾತು. ಯೋಹಾನ ಕಟಾವಿನ ಮಿಷಿನ್ನಿಗೆ ಓಡಾಡಿ ಬಂದವನು ಊಟಕ್ಕೆ ಕೂತು ಅದನ್ನೇ ತೆಗೆಯುತ್ತಿದ್ದ.

"ಒಂದು ಮಾತಲ್ವೇನವ್ವಾ? ಅಂದು ಕೂತ್ಕೊ. ಅಪ್ಪನ ಪಕ್ಕದ ಜಾಗ ಹೋಗ್ತೈತೆ."

"ನನಗೆ ಗೊತ್ತಿಲ್ವೇನೋ?"

"ಬಾಯಿ ಮಾತಿಗೆ ಅನ್ನು. ಒಳಗೆ ನಿನಗೆ ಏನು ಬೇಕೋ ಅನ್ಕೊ."

"ದೇವ್ರ ಮುಂದೆ ನಿಂತು ಬಾಯಾಗೊಂದು ಹೊಟ್ಟೆಯಾಗೊಂದು ಇಟ್ಕೊ ಅಂತೀಯ. ಅದನ್ನ ಪಾಸ್ಟರು ಹೇಳ್ಕೊಟ್ರಾ, ನೀನೇ ಕಲ್ತ್ಯಾ?"

ಅವನು ತಟ್ಟೆ ಬಿಟ್ಟು ಎದ್ದು ಹೋದ. ಪಾಪ, ಹೆಣ ಹೊರಬೇಕಾದವನು ಅವನು. ಅವನ ಸಂಕಟ ನನಗೆ ಅರ್ಥವಾಗದೇ ಇರಲಿಲ್ಲ. ನಾನೂ ಸೋತದ್ದುಂಟು. ಒಂದು ಸಲ ಸಮುವೇಲಪ್ಪನ ಮನೆಯ ತನಕ ಹೋಗಿ, ಗೇಟಿನ ಚಿಲಕ ಮುಟ್ಟಿ ವಾಪಸು ಬಂದೆ.

ಕ್ರಿಸ್ಮಸ್ಸಿಗೆ ಮೊದಲಿನ ಸುಗ್ಗಿಯ ಆರಾಧನೆಗೆ ಎಲ್ಲರೂ ಬರುತ್ತಾರೆ. ಹೊಸ ಭತ್ತ, ಕುಂಬಳಕಾಯಿ, ಮೆಕ್ಕೆಜೋಳದ ತೆನೆ ತಂದು ಮುಂದೆ ಇಡುತ್ತಾರೆ. ಪ್ರಸಂಗ ಮುಗಿದ ಮೇಲೆ ಪಾಸ್ಟರು, "ನಮ್ಮ ಸಹೋದರಿ ಸಾರಮ್ಮ ಸಭೆಗೆ ಒಂದು ಮಾತು ಹೇಳಬೇಕಿದೆ," ಎಂದರು. ನಾನು ಎದ್ದು ಮುಂದೆ ಹೋಗಿ ನಿಂತೆ.

"ನನ್ನ ತಪ್ಪು ಬಾಳ ಅದಾವೆ," ಅಂದೆ. "ನಮ್ಮತ್ತೆ ಹಾಸಿಗೆ ಹಿಡಿದಾಗ ಒಂದು ವರ್ಷ ಅವಳ ಕೂಡೆ ಮಾತು ಬಿಟ್ಟಿದ್ದೆ. ಅದು ತಪ್ಪಾತು. ಈ ಯೋಹಾನ ಚಿಕ್ಕೋನಿದ್ದಾಗ ಸೌದೇಲಿ ಹೊಡ್ದು ಕೈ ಮುರ್ದಿದ್ದೆ, ಮರದಿಂದ ಬಿದ್ದ ಅಂತ ಊರಿಗೆಲ್ಲ ಸುಳ್ಳು ಹೇಳಿದ್ದೆ. ಅದೂ ತಪ್ಪಾತು. ಇಂಥಾ ಕೈ ಚಾಚಿನೇ ತಿಂಗ್ಳಾ ತಿಂಗ್ಳಾ ಪ್ರಭುಭೋಜನ ತಗೊಂಡೀನಿ. ಯಾರೂ ಬ್ಯಾಡ ಅನ್ನಲಿಲ್ಲ. ಹಾಲಮ್ಮನಿಗೆ ಕೊಟ್ಟಿದ್ದು ತಪ್ಪಲ್ಲ. ಬಾಳುವೇಲಿ ಒಂದು ಸಲ ಈ ಕೈ ಸರಿಯಾದ ಕೆಲಸ ಮಾಡೈತೆ. ಅದನ್ನ ತಪ್ಪು ಅಂತ ನಾನು ಅನ್ನಲ್ಲ."

ನಾನು ಹೆಂಗಸರ ಕಡೆ ನೋಡಿದೆ. ಅವತ್ತು ಸ್ತೋತ್ರ ಎಂದು ಕೈ ಎತ್ತಿದವರು, ಅತ್ತವರು, ಒಬ್ಬಳಾದರೂ ತಲೆ ಎತ್ತಲಿ ಎಂದು ಕಾದೆ. ಎಲ್ಲರೂ ಜಮಖಾನೆಯ ಎಳೆ ಎಣಿಸುತ್ತಿದ್ದರು. ಪಾಸ್ಟರ ಮೇಲಿನ ಸಿಟ್ಟಿಗಿಂತ ಆ ಹೆಂಗಸರ ಮೇಲಿನ ಸಿಟ್ಟು ದೊಡ್ಡದು, ಇವತ್ತಿಗೂ. ಪಾಸ್ಟರಿಗೆ ಮೇಲಿನವರ ಭಯ. ಇವರಿಗೆ ಯಾರ ಭಯ? ಬಾಗಿಲಲ್ಲಿ ಕೂರುತ್ತಿದ್ದವಳ ಪಕ್ಕ ಎಂಟು ವರ್ಷ ಕೂತವರು.

ನಾನು ಹೋಗಿ ನನ್ನ ಜಾಗದಲ್ಲೇ ಕೂತೆ. ಹಿಂದಕ್ಕೆ ಹೋಗಲಿಲ್ಲ.

ಆ ಪಾಸ್ಟರು ವರ್ಗವಾಗಿ ನ್ಯಾಮತಿ ಕಡೆ ಹೋದರು. ಈಗಿರುವವನು ಹುಡುಗ, ಒಳ್ಳೆಯವನೇ. ಬಂದ ಹೊಸತರಲ್ಲಿ ಮನೆಗೆ ಬಂದು ಚಹಾ ಕುಡಿದು, "ಅಜ್ಜಿ, ಹಳೇದನ್ನ ಮರೆತುಬಿಡೋಣ. ಸುಮ್ಮನೆ ಬಂದು ಪ್ರಭುಭೋಜನ ತಗೊಳ್ಳಿ. ಯಾರೂ ಏನೂ ಕೇಳಲ್ಲ," ಎಂದ.

"ಹಾಲಮ್ಮನ ಹೆಸರು ಸಭೆಯ ಪುಸ್ತಕದಾಗೆ ಬರೀತೀಯೇನಪ್ಪಾ?"

"ಅದು ಹೇಗಾಗುತ್ತಜ್ಜಿ, ದೀಕ್ಷಾಸ್ನಾನ ಆಗಿಲ್ಲ..."

"ಹಂಗಾರೆ ಮರೆತಿರೋದು ಯಾರು, ನೆನಪಿಟ್ಟಿರೋದು ಯಾರು?"

ಅವನು ಲೋಟ ಕೆಳಗಿಟ್ಟು ಹೋದ. ಶಿಕ್ಷೆ ಹಾಗೇ ಇದೆ. ರಸ ಈಗ ಅಂಗಡಿಯಿಂದ ಬಾಟಲಿಯಲ್ಲಿ ಬರುತ್ತದೆ.

ಹನುಮಂತಪ್ಪನಿಗೆ ಈ ವಿಷಯ ತಡವಾಗಿ ತಿಳಿಯಿತು. ಒಂದು ಬೆಳಿಗ್ಗೆ ಕೋಲೂರಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತ. "ಸಾರಕ್ಕ, ನಿಮ್ಮೋರು ಜಾಗ ಕೊಡದಿದ್ರೆ ನಮ್ಮ ಹೊಲ ಐತೆ. ಹಾಲಿ ಮಗ್ಗಲಾಗೆ ಬೇಕಾದಷ್ಟು ಮಣ್ಣೈತೆ. ನನ್ನ ಮಕ್ಳಿಗೂ ಹೇಳೀನಿ," ಅಂದ. ನನ್ನ ಕಣ್ಣಲ್ಲಿ ನೀರು ಬಂತು. ಸಭೆಯವರು ಕೊಡದ್ದನ್ನು ದೀಪ ಹಚ್ಚುವವನು ಕೊಡಲು ಬಂದಿದ್ದ. ಆದರೂ ನಾನು ಹ್ಞೂ ಅನ್ನಲಿಲ್ಲ. ಹ್ಞೂ ಅಂದರೆ ಇವರು ಬಿಡುಗಡೆಯಾಗಿಬಿಡುತ್ತಾರೆ. ಅವಳೇ ಹೋದಳು, ಅವಳಿಗೇ ನಮ್ಮ ಜಾಗ ಬೇಡವಾಯಿತು ಎಂದು ಹೇಳಿಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಅದಕ್ಕೇ ಇವತ್ತಿಗೂ ಭಾನುವಾರ ತಪ್ಪಿಸುವುದಿಲ್ಲ. ಮೊದಲ ಭಾನುವಾರ ಹೆಂಗಸರ ಸಾಲು ಎದ್ದು ಮುಂದೆ ಹೋಗುವಾಗ ಕಾಲು ಮಡಚಿ ದಾರಿ ಬಿಡುತ್ತೇನೆ. ಅವರು ತಲೆ ಬಗ್ಗಿಸಿಕೊಂಡು ನನ್ನನ್ನು ದಾಟುತ್ತಾರೆ. ಯೋಹಾನನಿಗೆ ಹೇಳಿದ್ದೇನೆ, ನಾನು ಸತ್ತ ದಿನ ಬೇರೆಲ್ಲೂ ಗುಂಡಿ ತೋಡಬೇಡ, ಯಾರನ್ನೂ ಬೇಡಬೇಡ, ಜಗಳವನ್ನೂ ಆಡಬೇಡ. ಹೊತ್ತುಕೊಂಡು ಹೋಗಿ ಸಮಾಧಿ ಜಾಗದ ಬಾಗಿಲಲ್ಲಿ ಇಳಿಸು, ಪಕ್ಕದಲ್ಲಿ ಕೂತ್ಕೋ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಅವತ್ತು ಎಲ್ಲರ ಮುಂದೆ ಬಾಯಿ ಬಿಟ್ಟು ಹೇಳಬೇಕಾದವರು ಅವರು. ನಾನು ಹೇಳುವುದನ್ನು ಹೇಳಿ ಆಗಿದೆ.